ಕಿಟಕಿ ಇರುವ ಅಡುಗೆಮನೆ

ನನಗೆ ಮನೆ ಬೇಕಿರಲಿಲ್ಲ, ಅಡುಗೆಮನೆ ಬೇಕಿತ್ತು. ಅದಕ್ಕೆ ಅಂಟಿಕೊಂಡು ಎರಡು ರೂಮು, ಒಂದು ಬಾತ್‌ರೂಮು ಬಂದರೆ ಬರಲಿ, ಬೇಡ ಅನ್ನುವವಳಲ್ಲ. ಆದರೆ ಅಡುಗೆಮನೆಗೆ ಒಂದು ಬಾಗಿಲು ಇರಬೇಕು, ಒಂದು ಕಿಟಕಿ ಇರಬೇಕು. ಇಷ್ಟನ್ನು ಲಂಡನ್ನಿನಲ್ಲಿ ಕೇಳುವುದು ದುರಾಸೆ ಎಂದು ತಿಳಿಯುವುದಕ್ಕೆ ನನಗೆ ಹನ್ನೊಂದು ವರ್ಷ ಹಿಡಿಯಿತು.

ಆಗ ನಾವು ಮೂವರು, ನಾನು, ನನ್ನ ಗಂಡ, ಹದಿಮೂರು ವರ್ಷದ ಮಗಳು, ಕೊಲಿಂಡೇಲ್‌ನ ಹೊಸ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಜಿಮ್ಮು, ಬಾಗಿಲ ಬಳಿ ಹೂವಿನ ಕುಂಡ, ಕನ್ನಡಿ ಹಾಕಿದ ಲಿಫ್ಟು. ಎಲ್ಲ ಚೆನ್ನಾಗಿತ್ತು. ಅಡುಗೆಮನೆ ಎಂಬುದೊಂದು ಮಾತ್ರ ಇರಲಿಲ್ಲ. ಹಾಲಿನ ಒಂದು ಗೋಡೆಗೆ ಒಲೆ, ಸಿಂಕು, ಫ್ರಿಜ್ಜು ಸಾಲಾಗಿ ಅಂಟಿಸಿ, ಅದನ್ನೇ ಅಡುಗೆಮನೆ ಎಂದು ಕರೆಯಿರಿ ಎಂದಿದ್ದರು. ಒಲೆಯಿಂದ ಸೋಫಾಗೆ ನಾಲ್ಕೇ ಹೆಜ್ಜೆ. ಸಾಸಿವೆ ಚಟಪಟ ಅಂದರೆ ಸಾಕು, ಚಾವಣಿಯ ಅಲಾರಂ ಕಿರುಚಿಕೊಳ್ಳುತ್ತಿತ್ತು. ಒಗ್ಗರಣೆ ಹಾಕುವ ಮೊದಲು ನಾನು "ಪೊಸಿಷನ್!" ಎಂದು ಕೂಗಬೇಕು, ಮಗಳು ಟವೆಲ್ ಹಿಡಿದು ಅಲಾರಂ ಕೆಳಗೆ ಕುರ್ಚಿ ಹತ್ತಬೇಕು. ಅವಳು ಬೀಸುತ್ತಾ "ಅಮ್ಮ, ದಿಸ್ ಈಸ್ ನಾಟ್ ನಾರ್ಮಲ್" ಅನ್ನಬೇಕು. ನಮ್ಮ ಮನೆಯಲ್ಲಿ ಸಾರು ಆಗುತ್ತಿದ್ದದ್ದು ಹೀಗೆ.

ಒಂದು ದಿನ ಮನೆ ಮಾಲೀಕರ ಕಡೆಯಿಂದ ಮೇಲ್ ಬಂತು. ತಪಾಸಣೆಗೆ ಬಂದವರಿಗೆ ಪರದೆಗಳಲ್ಲಿ ಅಡುಗೆಯ ಗಾಢ ವಾಸನೆ ಕಂಡುಬಂದಿದೆ, ದಯವಿಟ್ಟು ಗಮನಿಸಿ ಎಂದು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಇಂಗು ಇವರಿಗೆ ಗಾಢ ವಾಸನೆಯಂತೆ! ಪಕ್ಕದ ಮನೆಯವನು ಬೆಳಿಗ್ಗೆ ಎದ್ದು ಮೀನು ಹುರಿದರೆ ಅದು ಬ್ರೇಕ್‌ಫಾಸ್ಟು. ಅಂದೇ ಗಂಡನಿಗೆ ಹೇಳಿದೆ, ಇನ್ನು ಬಾಡಿಗೆಯ ಸಹವಾಸ ಸಾಕು, ಹಳೇ ಕಟ್ಟಡದಲ್ಲಿ ಫ್ಲ್ಯಾಟ್ ನೋಡೋಣ, ಹಳೇದರಲ್ಲಿ ಅಡುಗೆಮನೆ ಬೇರೆ ಇರುತ್ತೆ ಎಂದು.

ನನ್ನ ಗಂಡ ಕುಂದಾಪುರದ ಕಡೆಯವರು. ಪಾರ್ಕ್ ರಾಯಲ್‌ನಲ್ಲಿ ಸ್ಯಾಂಡ್‌ವಿಚ್ ತಯಾರಿಸುವ ಕಾರ್ಖಾನೆಯಲ್ಲಿ ಶಿಫ್ಟ್ ಮ್ಯಾನೇಜರ್. ಇಡೀ ದಿನ ಸ್ಟೀಲು, ಬಿಳಿ ಟೈಲು, ತಲೆಗೆ ಬಲೆ. ಅವರಿಗೆ ಹೊಸದೆಂದರೆ ಪ್ರಾಣ, ಹಳೆಯದೆಂದರೆ ಪೈಪು ಸೋರುತ್ತದೆ ಎಂದೇ ಅರ್ಥ. "ಅಯ್ಯಬ್ಯಾ, ದುಡ್ಡು ಕೊಟ್ಟು ತಲೆನೋವು ತಕಂಬುದಾ?" ಎಂದರು. ನಮ್ಮಿಬ್ಬರಲ್ಲಿ ಒಂದು ಅಲಿಖಿತ ಒಪ್ಪಂದವಿದೆ. ಎರಡು ಸಲ ಅವರು ಬೇಡ ಅನ್ನಬಹುದು, ಮೂರನೇ ಸಲ ನಾನು ಕೇಳಿಸಿಕೊಳ್ಳುವುದಿಲ್ಲ.

ಹಾಗೆ ಸಿಕ್ಕಿದ್ದು ಆ ಫ್ಲ್ಯಾಟು. ನಮ್ಮಲ್ಲಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಎರಡನೇ ಮಹಾಯುದ್ಧಕ್ಕಿಂತ ಮುಂಚೆ ಕಟ್ಟಿದ, ಕೆಂಪು ಇಟ್ಟಿಗೆಯ ಮೂರಂತಸ್ತಿನ ಕಟ್ಟಡ. ಇಪ್ಪತ್ತನಾಲ್ಕು ಮನೆ. ಮಾರುವವರು ಎಂಬತ್ತರ ಹತ್ತಿರದ ಒಬ್ಬ ಅಜ್ಜಿ, ಒಂಟಿ. ನಲವತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಬಾಳಿದವರು, ಈಗ ಸಮುದ್ರದ ಕಡೆ ಇರುವ ಮಗಳ ಊರಿಗೆ ಹೊರಟಿದ್ದರು. ನಾವು ನೋಡಲು ಹೋದಾಗ ಎಸ್ಟೇಟ್ ಏಜೆಂಟ್ ಹೆಂಗಸು ಬಾಗಿಲು ತೆರೆದಳು. ಅಜ್ಜಿ ಮುಂದಿನ ರೂಮಿನಲ್ಲಿ ಕೂತು ಕಪಾಟಿನ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದರು. ನಮ್ಮನ್ನು ಕಂಡು ನಕ್ಕು, ಆರಾಮವಾಗಿ ನೋಡಿ ಎಂದರು.

ನಾನು ನೆಟ್ಟಗೆ ಅಡುಗೆಮನೆಗೆ ಹೋದೆ. ಬಾಗಿಲು ಇತ್ತು. ಒಳಗೆ ಮೊಟ್ಟೆಯ ಹಳದಿಯಂಥ ಬಣ್ಣದ ಗೋಡೆ. ಸಿಂಕಿನ ಮೇಲೆ ಅಗಲವಾದ ಕಿಟಕಿ, ಅದರಾಚೆ ಹಿತ್ತಿಲಿನ ಸೇಬಿನ ಮರ. ಗೋಡೆಗೆ ಉದ್ದಕ್ಕೂ ಮರದ ಶೆಲ್ಫು. ನಾನು ಐದಡಿಗೆ ಒಂದು ಇಂಚು ಕಡಿಮೆ, ಈ ದೇಶದ ಯಾವ ಶೆಲ್ಫೂ ನನಗೆ ಎಟುಕಿದ್ದಿಲ್ಲ. ಇದಕ್ಕೆ ಸುಮ್ಮನೆ ಕೈ ಎತ್ತಿದೆ, ಬೆರಳು ಮೇಲಿನ ಹಲಗೆಗೆ ತಾಗಿತು. ಇದು ನನ್ನದು ಎಂದು ಆ ಕ್ಷಣವೇ ಮನಸ್ಸಿನಲ್ಲಿ ಗಟ್ಟಿಯಾಯಿತು.

ಇಲ್ಲಿ ನನ್ನ ಅಮ್ಮನ ವಿಷಯ ಹೇಳಬೇಕು. ಮೈಸೂರಿನ ಮಾರ್ಕೆಟ್ಟಿಗೆ ಅಮ್ಮನ ಜೊತೆ ಹೋಗುತ್ತಾ ಬೆಳೆದವಳು ನಾನು. ಅಮ್ಮ ಕಲಿಸಿದ್ದು ಒಂದೇ ಪಾಠ. ವಸ್ತು ಮನಸ್ಸಿಗೆ ಬಂತೋ, ಮುಖದಲ್ಲಿ ತೋರಿಸಕೂಡದು. ಬದನೆಕಾಯಿ ಫಳಫಳ ಹೊಳೆಯುತ್ತಿದ್ದರೆ ಅಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ, "ಏನಪ್ಪಾ ಇದು, ಮುದುಕಿ ಕೆನ್ನೆ ಥರ ಆಗಿದೆ" ಅನ್ನುತ್ತಿದ್ದಳು. ಅವನು ಬೆಲೆ ಹೇಳುತ್ತಿದ್ದ. ಅಮ್ಮ ಮೂಗು ಮುರಿದು ಹೊರಡುತ್ತಿದ್ದಳು. "ಹತ್ತು ಹೆಜ್ಜೆ ನಿಧಾನಕ್ಕೆ ನಡಿ, ತಿರುಗಿ ನೋಡ್ಬೇಡ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಏಳನೆಯದೋ ಎಂಟನೆಯದೋ ಹೆಜ್ಜೆಗೆ ಹಿಂದಿನಿಂದ "ಬನ್ನಿ ತಾಯಿ, ಬನ್ನಿ" ಎಂಬ ಕೂಗು ಬರುತ್ತಿತ್ತು. ಬದನೆಕಾಯಿ ಮನೆಗೆ ಬರುತ್ತಿತ್ತು. ಮುದುಕಿ ಕೆನ್ನೆ ಎಂದದ್ದಕ್ಕೆ ಅವನಿಗೆ ಬೇಸರವಿಲ್ಲ, ಯಾಕೆಂದರೆ ತೆಗಳಿದವರೇ ಕೊಳ್ಳುವವರು ಎಂದು ಅವನಿಗೂ ಗೊತ್ತು. ಹೊಗಳಿದವರು ನೋಡಿ ಹೋಗುತ್ತಾರೆ, ಅಷ್ಟೇ.

ನಾನು ಆ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅದೂ ಗಟ್ಟಿಯಾಗಿ, ಇಂಗ್ಲಿಷಿನಲ್ಲಿ, ಏಜೆಂಟಿಗೆ ಕೇಳಲಿ ಎಂದು. ಈ ಹಳದಿ ಬಣ್ಣವನ್ನು ಯಾರಾದರೂ ಅಡುಗೆಮನೆಗೆ ಹೊಡೆಯುತ್ತಾರೆಯೇ ಎಂದೆ. ಕಿಟಕಿ ಹಳೆಯ ಕಾಲದ್ದು, ಚಳಿಗೆ ಹೇಗೋ ಎಂದೆ. ಆ ಮರದ ಎಲೆಯೆಲ್ಲ ಬಿದ್ದು ಮೋರಿ ಕಟ್ಟುತ್ತದಲ್ಲ ಎಂದೆ. ಕೊನೆಗೆ ಶೆಲ್ಫಿನ ಮುಂದೆ ನಿಂತು, "ಇದೇನಿದು, ಇಷ್ಟು ಕೆಳಗೆ? ಮಕ್ಕಳಿಗೆ ಮಾಡಿಸಿದ್ದಾ? ತೆಗೆಸಬೇಕಾಗುತ್ತೆ" ಎಂದೆ. ಏಜೆಂಟ್ ಮುಂದಿನ ರೂಮಿನ ಕಡೆ ಕಣ್ಣಾಡಿಸಿದಳು. ಮಗಳು ತನ್ನ ಬೂಟುಗಳನ್ನು ನೋಡುತ್ತಾ ನಿಂತಳು. ಹೊರಡುವಾಗ ಅಜ್ಜಿ ಬಾಗಿಲಿಗೆ ಬಂದರು, ಆದರೆ ನಗಲಿಲ್ಲ. ನಾನು ಮೆಟ್ಟಿಲಿಳಿದು ಅಂಗಳದಲ್ಲಿ ಹತ್ತು ಹೆಜ್ಜೆ ನಿಧಾನವಾಗಿ ನಡೆದೆ. ಯಾರೂ ಕರೆಯಲಿಲ್ಲ.

"ಒಂಚೂರು ಬಾಯಿ ಮುಚ್ಕಂಡ್ ಇಪ್ಪುಕೆ ಆತಿಲ್ಯಾ ನಿಂಗೆ?" ಎಂದರು ಗಂಡ, ಬಸ್‌ಸ್ಟಾಪಿನಲ್ಲಿ. "ಆ ಅಜ್ಜಿ ಪಕ್ಕದ್ ಕೋಣ್ಯಂಗೇ ಇದ್ರ್ ಮಾರಾಯ್ತಿ!"

"ನೀವು ಸುಮ್ನಿರಿ, ನಿಮಗೆ ವ್ಯಾಪಾರ ಗೊತ್ತಾಗಲ್ಲ" ಎಂದೆ.

ಮರುದಿನ ಕೇಳಿದ ಬೆಲೆಗಿಂತ ಕಡಿಮೆಗೆ ಆಫರ್ ಹಾಕಿದೆವು. ಸಂಜೆಗೆ ಏಜೆಂಟಿನ ಫೋನ್ ಬಂತು, ಆಗುವುದಿಲ್ಲ ಎಂದು. ನನಗೆ ಖುಷಿಯೇ ಆಯಿತು, ಆಟ ಶುರುವಾಯಿತು ಎಂದುಕೊಂಡೆ. ಸ್ವಲ್ಪ ಏರಿಸಿದೆವು. ಅದಕ್ಕೂ ಇಲ್ಲ. ನನ್ನ ಧೈರ್ಯ ಕರಗತೊಡಗಿತು. ಕೊನೆಗೆ ಕೇಳಿದಷ್ಟನ್ನೂ ಕೊಡುತ್ತೇವೆ ಎಂದೆವು. ಅದಕ್ಕೂ ಇಲ್ಲ. ಏಜೆಂಟ್ ಮೃದುವಾಗಿ ಹೇಳಿದಳು. "ದುಡ್ಡಿನ ವಿಷಯ ಅಲ್ಲ. ಮನೆಯೊಡತಿ, 'ಅವರಿಗೆ ಮನೆ ಹಿಡಿಸಲಿಲ್ಲ, ಹಿಡಿಸದವರಿಗೆ ನಾನು ಕೊಡುವುದಿಲ್ಲ' ಎನ್ನುತ್ತಿದ್ದಾರೆ. ಶನಿವಾರ ಇನ್ನೊಂದು ಜೋಡಿ ನೋಡಲು ಬರುತ್ತಿದೆ."

ಫೋನಿಟ್ಟು ನಾನು ಆ ಗೋಡೆಗಂಟಿದ ಒಲೆಯ ಮುಂದೆ ಕೂತುಬಿಟ್ಟೆ. ಹಿಡಿಸದವರಂತೆ! ಆ ಮನೆ ನೋಡಿ ಬಂದ ರಾತ್ರಿಯಿಂದ ನಾನು ಆ ಶೆಲ್ಫಿನಲ್ಲಿ ಡಬ್ಬಗಳನ್ನು ಜೋಡಿಸಿಯಾಗಿತ್ತು. ಮೇಲಿನ ಹಲಗೆಗೆ ಬೇಳೆಗಳು, ಕೆಳಗೆ ಮೆಣಸಿನಪುಡಿ, ಸಾರಿನಪುಡಿ, ಕಿಟಕಿಯ ಹತ್ತಿರ ಕರಿಬೇವಿನ ಕುಂಡ. ಸೌತ್‌ಹಾಲ್‌ನ ಭಾರತೀಯ ಅಂಗಡಿಯಿಂದ ಎರಡು ಸಲ ತಂದ ಗಿಡ ಈ ಬಾಡಿಗೆ ಮನೆಯಲ್ಲಿ ಬೆಳಕಿಲ್ಲದೆ ಒಣಗಿಹೋಗಿತ್ತು. ನನ್ನ ಬಾಯಿಯಿಂದಲೇ ನನ್ನ ಅಡುಗೆಮನೆ ಹೋಯಿತಲ್ಲ ಎಂದು ಅಳು ಬಂತು. ಅತ್ತೂಬಿಟ್ಟೆ. ಗಂಡ ಬಂದು ಪಕ್ಕದಲ್ಲಿ ಕೂತರು, ನಾನು ಹೇಳಲಿಲ್ಲವೇ ಎನ್ನಲಿಲ್ಲ. ಅದಕ್ಕೆ ಅವರಿಗೆ ನಾನು ಇವತ್ತಿಗೂ ಋಣಿ.

ಮಗಳೇ ಹೇಳಿದ್ದು. "ಅಮ್ಮ, ಯು ವರ್ ರೂಡ್. ಜಸ್ಟ್ ಗೋ ಅಂಡ್ ಸೇ ಸಾರಿ." ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಬರುವುದು ಇಂಗ್ಲಿಷು. ಬುದ್ಧಿ ಹೇಳುವಾಗ ಆ ಇಂಗ್ಲಿಷು ಇನ್ನೂ ಖಾರ.

ನಾನು ಜಿಪಿ ಸರ್ಜರಿಯಲ್ಲಿ, ಅಂದರೆ ಇಲ್ಲಿನ ಬಡಾವಣೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟು. ಶುಕ್ರವಾರ ಮಧ್ಯಾಹ್ನ ರಜೆ ಹಾಕಿದೆ. ಬರಿಗೈಯಲ್ಲಿ ಹೋಗುವುದು ಹೇಗೆ? ಬೆಳಿಗ್ಗೆ ಎದ್ದು ಕೊಬ್ಬರಿ ಮಿಠಾಯಿ ಮಾಡಲು ಕೂತೆ. ಆತುರದಲ್ಲಿ ಪಾಕ ಒಂದು ಎಳೆ ಹೆಚ್ಚಾಯಿತು, ಅಲಾರಂ ಕಿರುಚಿತು, ಮಗಳು ಸ್ಕೂಲಿನ ಯೂನಿಫಾರಂನಲ್ಲೇ ಕುರ್ಚಿ ಹತ್ತಿ ಟವೆಲ್ ಬೀಸಿದಳು. ಮಿಠಾಯಿ ಹಲ್ಲು ಮುರಿಯುವಷ್ಟು ಗಟ್ಟಿಯಾಗಿತ್ತು. ಇನ್ನೊಂದು ಸಲ ಮಾಡಲು ಹೊತ್ತಿರಲಿಲ್ಲ, ಅದನ್ನೇ ಡಬ್ಬಕ್ಕೆ ತುಂಬಿಕೊಂಡು ಹೊರಟೆ.

ಅಜ್ಜಿ ಸರಪಳಿ ಬಿಚ್ಚದೆ ಬಾಗಿಲು ತೆರೆದು ನೋಡಿದರು. "ಶೆಲ್ಫು ತೆಗೆಸಬೇಕು ಅಂದವಳು ನೀನೇ ಅಲ್ಲವೇ?" ಎಂದರು.

"ನಾನೇ" ಎಂದೆ. "ಕ್ಷಮೆ ಕೇಳೋಕೆ ಬಂದೆ. ಮನೆಗೋಸ್ಕರ ಅಲ್ಲ." ತಕ್ಷಣ ನನಗೇ ನಾಚಿಕೆಯಾಯಿತು. "ಸುಳ್ಳು. ಮನೆಗೋಸ್ಕರವೂ ಹೌದು."

ಅವರು ಸರಪಳಿ ತೆಗೆದರು. ಅಡುಗೆಮನೆಯಲ್ಲೇ ಕೂತೆವು, ಮುಂದಿನ ರೂಮಿನಲ್ಲಿ ಡಬ್ಬಗಳು ತುಂಬಿದ್ದವು. ನಾನು ಅಮ್ಮನ ಮಾರ್ಕೆಟ್ಟಿನ ಕತೆ ಹೇಳಿದೆ. ಬದನೆಕಾಯಿ, ಮುದುಕಿ ಕೆನ್ನೆ, ಹತ್ತು ಹೆಜ್ಜೆ, ಎಲ್ಲ. ಹೇಳುತ್ತಾ ಹೇಳುತ್ತಾ ನನ್ನ ಕೈಗಳೂ ಮಾತಾಡತೊಡಗಿದವು.

"ಅಂದರೆ ನಿಮ್ಮಲ್ಲಿ ಇಷ್ಟವಾದರೆ ಇಷ್ಟವಾಯಿತು ಎಂದು ಹೇಳುವುದೇ ಇಲ್ಲವೇ?" ಅವರಿಗೆ ನಿಜವಾಗಿಯೂ ಆಶ್ಚರ್ಯ. "ಮತ್ತೆ ಮಾರುವವನಿಗೆ ಗೊತ್ತಾಗುವುದು ಹೇಗೆ?"

"ಇಷ್ಟವಿಲ್ಲದವರು ಅಷ್ಟು ಹೊತ್ತು ನಿಂತು ಬೈಯಲ್ಲ" ಎಂದೆ. "ಅವನಿಗೆ ಗೊತ್ತಾಗುತ್ತೆ, ಕರೀತಾನೆ."

"ನೀನು ಆವತ್ತು ಅಂಗಳದಲ್ಲಿ ಬಹಳ ನಿಧಾನವಾಗಿ ನಡೆದೆ. ನಾನು ಕಿಟಕಿಯಿಂದ ನೋಡಿದೆ. ಕಾಲು ನೋವೇನೋ ಎಂದುಕೊಂಡೆ."

"ನೀವು ಕರೀಲಿಲ್ಲ" ಎಂದೆ. "ಅದಕ್ಕೇ ನಾನೇ ವಾಪಸ್ ಬಂದೆ."

ಅವರಿಗೆ ನಗು ಬಂತು. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಅವರ ಕಣ್ಣು ಶೆಲ್ಫಿನ ಮೇಲಿತ್ತು. "ಮಕ್ಕಳಿಗೆ ಮಾಡಿಸಿದ್ದಲ್ಲ" ಎಂದರು. "ನನಗೆ ಮಾಡಿದ್ದು. ಈ ಮನೆಗೆ ಬಂದ ಮೊದಲ ವಾರ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡೆ. ನನ್ನ ಗಂಡ ಬಡಗಿಯೇನಲ್ಲ, ಬಸ್ಸು ಓಡಿಸುತ್ತಿದ್ದವರು. ಮೂರು ಭಾನುವಾರ ಕೂತು ಮಾಡಿದರು. ನನ್ನನ್ನು ಗೋಡೆಗೆ ನಿಲ್ಲಿಸಿ, ಕೈ ಎತ್ತಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದರು."

ನಾನು ಆಡಿದ್ದ ಮಾತು ನೆನಪಾಗಿ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನಿಸಿತು. ಎದ್ದೆ, ಶೆಲ್ಫಿನ ಮುಂದೆ ನಿಂತೆ, ಕೈ ಎತ್ತಿದೆ. ಮೇಲಿನ ಹಲಗೆಯಲ್ಲಿದ್ದ ಟೀ ಡಬ್ಬವನ್ನು ತೆಗೆದು ಅವರ ಮುಂದಿಟ್ಟೆ. ಹಿಮ್ಮಡಿ ಎತ್ತಲಿಲ್ಲ.

"ಹನ್ನೊಂದು ವರ್ಷದಲ್ಲಿ ಈ ದೇಶದಲ್ಲಿ ನನ್ನ ಕೈಗೆ ಎಟುಕಿದ ಮೊದಲನೇ ಶೆಲ್ಫು ಇದು" ಎಂದೆ. "ಈ ಹಳದಿ ಬಣ್ಣ ನಂಗೆ ಇಷ್ಟ. ಆ ಮರ ಇಷ್ಟ. ಈ ಕಿಟಕಿಗೆ ನಾನು ಪ್ರಾಣ ಕೊಡ್ತೀನಿ. ಆವತ್ತು ಇಲ್ಲಿ ನಿಂತು ಏನೇನು ಅಂದೆನೋ, ಅದನ್ನೆಲ್ಲ ತಿರುವಿ ಹಾಕಿಕೊಳ್ಳಿ, ಅದೇ ನಿಜ."

ಅಜ್ಜಿ ಎದ್ದು ನನ್ನ ಪಕ್ಕ ಬಂದು ನಿಂತರು. ಅವರ ತಲೆ ನನ್ನ ತಲೆಯ ಸಮಕ್ಕೇ ಇತ್ತು. ಇಬ್ಬರೂ ಅದನ್ನು ಗಮನಿಸಿದೆವು, ಇಬ್ಬರೂ ನಕ್ಕೆವು. ಟೀ ಮಾಡಿದರು. ನನ್ನ ಮಿಠಾಯಿಯ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಏನೂ ಮಾತಾಡಲಿಲ್ಲ, ಮಾತಾಡಲು ಸಾಧ್ಯವೂ ಇರಲಿಲ್ಲ. ಕೊನೆಗೆ ಹೇಗೋ ನುಂಗಿ, "ಇದು ತುಂಬಾ ಚೆನ್ನಾಗಿದೆ" ಎಂದರು. ಇವರ ಪದ್ಧತಿಯೂ ನಮ್ಮದರಂತೆಯೇ ತಲೆಕೆಳಗು ಎಂದು ನನಗೆ ಅವತ್ತು ತಿಳಿಯಿತು. ಶನಿವಾರದ ಜೋಡಿಗೆ ಬರಬೇಡಿ ಎಂದು ಏಜೆಂಟ್ ಮೂಲಕ ಹೇಳಿಕಳಿಸಿದರು.

ಆಮೇಲಿನದು ಕಾಗದಪತ್ರದ ಕತೆ, ಐದು ತಿಂಗಳು ಹಿಡಿಯಿತು. ಸರ್ವೇಯರ್ ಒಬ್ಬ ಬಂದು ಮನೆಯನ್ನೆಲ್ಲ ತಟ್ಟಿ, ಮೂಸಿ, ನಲವತ್ತು ಪುಟ ಬರೆದ. ಬಾತ್‌ರೂಮಿನ ಗೋಡೆಯಲ್ಲಿ ತೇವ, ಕಿಟಕಿಯ ಚೌಕಟ್ಟು ಸವೆದಿದೆ, ಮರದ ಎಲೆ ಮೋರಿಗೆ ಬೀಳುತ್ತದೆ. ನಾನು ಆವತ್ತು ಹೇಳಿದ್ದೂ ಇದನ್ನೇ ಅಲ್ಲವೇ? ಅವನು ಹೇಳಿದರೆ ರಿಪೋರ್ಟು, ಫೀಸು ಬೇರೆ. ನಾನು ಹೇಳಿದರೆ ಅವಮಾನ!

ಆ ಕಟ್ಟಡದ ಚಾವಣಿ, ಮೆಟ್ಟಿಲು, ಹಿತ್ತಿಲನ್ನೆಲ್ಲ ಇಪ್ಪತ್ತನಾಲ್ಕು ಮನೆಯವರೂ ಸೇರಿ ನೋಡಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಸಭೆ, ಚಾವಣಿ ರಿಪೇರಿಗೆ ಎಲ್ಲರೂ ಕೂಡಿಸುವ ನಿಧಿ, ಟೈಪ್ ಮಾಡಿದ ನಿಯಮಗಳ ಹಳೆಯ ಹಾಳೆ. ಮುಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು. ನೆಲಕ್ಕೆ ಕಾರ್ಪೆಟ್ ಇರಲೇಬೇಕು. ಬೆಳಿಗ್ಗೆ ಎಂಟಕ್ಕೆ ಮುಂಚೆ ಯಂತ್ರ ಓಡಿಸಬಾರದು. ಹೊಸದೇ ಬೇಕು ಎನ್ನುತ್ತಿದ್ದ ನನ್ನ ಗಂಡನಿಗೆ ಆ ಹಾಳೆ ನೋಡಿದ್ದೇ ಮನಸ್ಸು ತಿರುಗಿಬಿಟ್ಟಿತು. ಕಾರ್ಖಾನೆಯಲ್ಲಿ ಶಿಸ್ತು ಶಿಸ್ತು ಎಂದು ಒದ್ದಾಡುವ ಮನುಷ್ಯ. "ಹೋಯ್, ಕಾಣ್, ಇಲ್ಲಿ ಎಲ್ಲದಕ್ಕೂ ಒಂದು ಕ್ರಮ ಇತ್ತ್!" ಎಂದು ಹಾಳೆ ಹಿಡಿದು ನನ್ನ ಹಿಂದೆ ಓಡಾಡಿದರು. ಈಗ ಅವರೇ ಆ ಸಭೆಯ ಕಾರ್ಯದರ್ಶಿ. ಗ್ರೈಂಡರನ್ನು ನಾನು ಎಂಟು ಹೊಡೆದು ಒಂದು ನಿಮಿಷಕ್ಕೆ ಹಾಕುತ್ತೇನೆ, ಹಾಕುವ ಮುಂಚೆ ಅವರು ಗಡಿಯಾರ ನೋಡುತ್ತಾರೆ.

ಬೀಗದ ಕೈ ಸಿಕ್ಕ ದಿನ ಹಾಲುಕ್ಕಿಸಿ, ಆಮೇಲೆ ಕಿಟಕಿಯ ಎರಡೂ ಬಾಗಿಲು ತೆರೆದು, ಎಣ್ಣೆ ಕಾಯಿಸಿ, ಸಾಸಿವೆ, ಇಂಗು, ಒಣಮೆಣಸು, ಕರಿಬೇವು ಹಾಕಿದೆ. ಅಭ್ಯಾಸಬಲದಿಂದ ಮಗಳು ಟವೆಲ್ ಹಿಡಿದು ಓಡಿ ಬಂದಳು. ಹೊಗೆ ತನ್ನಷ್ಟಕ್ಕೆ ಕಿಟಕಿಯಿಂದ ಸೇಬಿನ ಮರದ ಕಡೆ ಹೋಯಿತು. ಎಲ್ಲೂ ಏನೂ ಕಿರುಚಲಿಲ್ಲ. ಮಗಳು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಈಗ ನಾನೇನು ಮಾಡ್ಲಿ?" ಎಂದಳು, ಕನ್ನಡದಲ್ಲಿ.

ಒಂದು ವರ್ಷ ಕಳೆದು ಅಜ್ಜಿ ಫೋನ್ ಮಾಡಿದರು. ಮಗಳ ಜೊತೆ ಲಂಡನ್ನಿಗೆ ಬರುತ್ತಿದ್ದೇನೆ, ಒಂದು ಗಳಿಗೆ ಬಂದು ಹೋಗಬಹುದೇ ಎಂದು. ಬನ್ನಿ, ದೋಸೆ ತಿಂದೇ ಹೋಗಬೇಕು ಎಂದೆ. ಹೇಳಿದ ಮೇಲೆ ಹೆದರಿಕೆ ಶುರುವಾಯಿತು. ಗೋಡೆಯ ಹಳದಿ ಹಾಗೆಯೇ ಇತ್ತು, ಸರಿ. ಆದರೆ ಶೆಲ್ಫಿನ ತುಂಬ ನನ್ನ ಸ್ಟೀಲ್ ಡಬ್ಬಗಳು, ಕಿಟಕಿಯಲ್ಲಿ ಕರಿಬೇವು, ಮೂಲೆಯಲ್ಲಿ ಗ್ರೈಂಡರು. ನಲವತ್ತು ವರ್ಷದ ಸಂಸಾರದ ಜಾಗದಲ್ಲಿ ಬೇರೆಯವಳ ಸಂಸಾರ ಕೂತಿರುವುದನ್ನು ನೋಡಿ ಅವರಿಗೆ ಹೇಗಾದೀತು? ಹಿಂದಿನ ದಿನ ಶೆಲ್ಫನ್ನು ಮೂರು ಸಲ ಒರೆಸಿದೆ.

ಅಜ್ಜಿ ಕೋಲು ಹಿಡಿದು ಬಂದರು, ಸ್ವಲ್ಪ ಇಳಿದುಹೋಗಿದ್ದರು. ಅವರ ಮಗಳು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹಿಂದುಳಿದಿದ್ದಳು. ಅಜ್ಜಿ ಯಾರನ್ನೂ ಮಾತಾಡಿಸದೆ ನೆಟ್ಟಗೆ ಅಡುಗೆಮನೆಗೆ ಹೋದರು. ಸುತ್ತಲೂ ನೋಡಿದರು. ಶೆಲ್ಫಿನ ಅಂಚಿನ ಮೇಲೆ ಕೈಯಾಡಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಈ ಪರದೆ ಎಂಥ ಕೆಟ್ಟ ಪರದೆ" ಎಂದರು.

ನಾನು ಪರದೆಯ ಕಡೆ ನೋಡಿದೆ.

"ಇಷ್ಟೊಂದು ಡಬ್ಬ ಯಾರಿಗೆ ಬೇಕು? ಇಲ್ಲೇನು ಅಂಗಡಿ ಇಟ್ಟಿದ್ದೀಯಾ?" ಕೋಲಿನಿಂದ ಗ್ರೈಂಡರನ್ನು ತಟ್ಟಿದರು. "ಇದು ಹಡಗಿನ ಇಂಜಿನ್ನೋ ಏನೋ. ಆ ಗಿಡವೋ, ಎಲೆಗಿಂತ ಕಡ್ಡಿಯೇ ಜಾಸ್ತಿ. ವಾಸನೆಯಂತೂ ಕೆಳಗಿನ ಮೆಟ್ಟಿಲಿನವರೆಗೆ ಬರುತ್ತದೆ. ಇಲ್ಲ, ಇಲ್ಲ. ಈ ಅಡುಗೆಮನೆ ಪುಕ್ಕಟೆ ಕೊಟ್ಟರೂ ನನಗೆ ಬೇಡ."

ಎಂದು ಮೂಗು ಮುರಿದು, ನನ್ನನ್ನು ದಾಟಿಕೊಂಡು ಹೊರಬಾಗಿಲ ಕಡೆ ಹೊರಟರು. ಗಂಡ ಗಾಬರಿಯಿಂದ ನನ್ನ ಮುಖ ನೋಡಿದರು. ಅಜ್ಜಿ ಪ್ಯಾಸೇಜಿನಲ್ಲಿ ಕೋಲೂರಿಕೊಂಡು ಬಹಳ ನಿಧಾನವಾಗಿ, ಒಂದೊಂದೇ ಹೆಜ್ಜೆ ಇಡುತ್ತಿದ್ದರು. ತಿರುಗಿ ನೋಡಲಿಲ್ಲ. ನಾಲ್ಕು, ಐದು, ಆರು. ಆಗ ನನಗೆ ಹೊಳೆಯಿತು. ನಗು, ಅಳು ಎರಡೂ ಒಟ್ಟಿಗೆ ಬಂದು, ಕೂಗುವುದು ತಡವಾಯಿತು. ಅವರು ಏಳನೆಯ ಹೆಜ್ಜೆ ಇಟ್ಟರು. ಎಂಟನೆಯದಕ್ಕೆ ಕೋಲನ್ನು ಮುಂದಿಟ್ಟು, ಕಾಲೆತ್ತದೆ, ನನಗೆ ಬೆನ್ನು ಹಾಕಿಕೊಂಡೇ ಕಾಯುತ್ತಾ ನಿಂತರು.

"ಬನ್ನಿ ತಾಯಿ, ಬನ್ನಿ" ಎಂದು ಕರೆದೆ, ಕನ್ನಡದಲ್ಲೇ.

ಅವರು ತಿರುಗಿ ಬಂದು, ತಮ್ಮ ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಒಲೆ ಹಚ್ಚಿ ಕಾವಲಿ ಇಟ್ಟೆ.